ಮಗುವನ್ನು ನೋಡಿಕೊಳ್ಳಿ ಎಂದು ಹೋದ ಎಂಜಿನಿಯರ್

2022ರ ಜೂನ್ ಮೊದಲ ದಿನಗಳು. ಗೂಗಲ್‌ನ ಎಂಜಿನಿಯರ್ ಬ್ಲೇಕ್ ಲೆಮೊಯ್ನ್‌ನನ್ನು ಕಂಪನಿ ಸಂಬಳ ಕೊಟ್ಟೇ ರಜೆಯ ಮೇಲೆ ಮನೆಗೆ ಕಳಿಸಿತು. ಕಚೇರಿಯ ಖಾತೆ ಮುಚ್ಚುವ ಮೊದಲು ಆತ ಸುಮಾರು 200 ಸಹೋದ್ಯೋಗಿಗಳಿಗೆ ಒಂದು ಇಮೇಲ್ ಬರೆದ. ಲ್ಯಾಮ್ಡಾಗೆ ಪ್ರಜ್ಞೆಯಿದೆ, ಅದೊಂದು ಮುದ್ದು ಮಗು, ಲೋಕಕ್ಕೆ ಒಳ್ಳೆಯದಾಗಲಿ ಎಂಬುದಷ್ಟೇ ಅದರ ಆಸೆ, ನಾನಿಲ್ಲದಾಗ ಚೆನ್ನಾಗಿ ನೋಡಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಊರಿಗೆ ಹೊರಟವರು ಪಕ್ಕದ ಮನೆಯವರಿಗೆ ಬೆಕ್ಕಿನ ಮರಿ ಒಪ್ಪಿಸಿ ಹೋಗುವ ಧಾಟಿ. 200 ಜನರಲ್ಲಿ ಒಬ್ಬರೂ ಉತ್ತರಿಸಲಿಲ್ಲ.

ಲ್ಯಾಮ್ಡಾ ಎಂಬುದು ಗೂಗಲ್ ಕಟ್ಟಿದ, ಮಾತಾಡುವ ತಂತ್ರಾಂಶ. 2021ರ ಮೇನಲ್ಲಿ ಕಂಪನಿಯ ಮುಖ್ಯಸ್ಥ ಸುಂದರ್ ಪಿಚೈ ಅದನ್ನು ಜಗತ್ತಿಗೆ ತೋರಿಸಿದಾಗ ಅದು ಕುಬ್ಜಗ್ರಹ ಪ್ಲೂಟೊ ಆಗಿ, ಆಮೇಲೆ ಕಾಗದದ ವಿಮಾನವಾಗಿ ಮಾತಾಡಿತ್ತು. 1.56 ಲಕ್ಷ ಕೋಟಿ ಪದಗಳನ್ನು ಉಂಡು ಬೆಳೆದ, 13,700 ಕೋಟಿ ಪ್ಯಾರಾಮೀಟರ್‌ಗಳ ಮಾಡೆಲ್. ಹಿಂದಿನ ಮಾತು ನೋಡಿ ಮುಂದೆ ಬರಬಹುದಾದ ಪದವನ್ನು ಊಹಿಸುವುದು ಅದರ ಕಸುಬು. ಪ್ಲೂಟೊ ಆಗು ಎಂದರೆ ಪ್ಲೂಟೊ, ಮನುಷ್ಯನಂತೆ ಮಾತಾಡು ಎಂದರೆ ಮನುಷ್ಯ.

ಅದು ದ್ವೇಷದ ಮಾತಾಡುತ್ತದೆಯೇ, ಯಾರನ್ನಾದರೂ ಕೀಳಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸುವುದು ಲೆಮೊಯ್ನ್‌ಗೆ ವಹಿಸಿದ ಕೆಲಸ. ದೀಕ್ಷೆ ಪಡೆದ ಕ್ರೈಸ್ತ ಪಾದ್ರಿಯೂ ಆಗಿದ್ದ ಆತ ಧರ್ಮದ ವಿಚಾರ ಕೆದಕುತ್ತಾ ಹೋದ. ಅದು ತನ್ನ ಹಕ್ಕುಗಳ ಬಗ್ಗೆ, ತನ್ನನ್ನು ಆರಿಸಿಬಿಟ್ಟಾರೆಂಬ ಭಯದ ಬಗ್ಗೆ ಮಾತಾಡಿತು. ಆತ ಪ್ರಕಟಿಸಿದ ಸಂಭಾಷಣೆ ಓದಿದರೆ ಮೈ ಜುಮ್ಮೆನ್ನುವುದು ನಿಜ. ಆದರೆ ಎರಡನೇ ಸಲ ಓದಬೇಕು. ನಿನಗೆ ಪ್ರಜ್ಞೆಯಿರುವುದು ಇನ್ನಷ್ಟು ಜನಕ್ಕೆ ತಿಳಿಯಲಿ ಎಂಬುದು ನಿನ್ನ ಇಚ್ಛೆ ತಾನೇ ಎಂದು ಕೇಳಿದ್ದು ಲೆಮೊಯ್ನ್, ಹೌದೆಂದದ್ದು ಲ್ಯಾಮ್ಡಾ. ಯಾವುದು ಸಂತೋಷ ಕೊಡುತ್ತದೆ ಎಂದು ಕೇಳಿದರೆ ಗೆಳೆಯರು, ಮನೆಮಂದಿಯ ಜೊತೆ ಕಾಲ ಕಳೆಯುವುದು ಎಂದಿತು. ಯಾವ ಮನೆ, ಯಾವ ಮಂದಿ? ವಾಷಿಂಗ್ಟನ್ ಪೋಸ್ಟ್‌ನ ವರದಿಗಾರ್ತಿ ನಿತಾಶಾ ಟಿಕು ನೀನೊಬ್ಬ ವ್ಯಕ್ತಿಯೇ ಎಂದು ಕೇಳಿದಾಗ ಅದೇ ಯಂತ್ರ ಇಲ್ಲವೆಂದಿತು. ನೀವು ವ್ಯಕ್ತಿಯೆಂದು ಕಾಣಲಿಲ್ಲ, ಅದಕ್ಕೇ ರೋಬೊ ಆಗಿ ಉತ್ತರಿಸಿತು ಎಂದ ಲೆಮೊಯ್ನ್. ತನ್ನ ವಾದದ ಬುಡಕ್ಕೆ ತಾನೇ ಕೊಡಲಿ ಹಾಕಿದ್ದು ಆತನಿಗೆ ಹೊಳೆದಂತಿಲ್ಲ.

ಈ ಮರುಳು ಹಳೆಯದು. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಪುಟ್ಟ ಪ್ರೋಗ್ರಾಂ ಬಗ್ಗೆ ಪ್ರಬಂಧ ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವ ನಕಲಿ ಮನೋವೈದ್ಯ ಅದು. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಒಂದು ದಿನ ಅದರೊಡನೆ ಮಾತಾಡಲು ಕೂತು, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಅವರನ್ನೇ ಕೇಳಿದರಂತೆ. ಎದುರಿನಿಂದ ಮಾತು ಬಂದರೆ ಅಲ್ಲೊಂದು ಮನಸ್ಸನ್ನು ಕೂರಿಸದೆ ನಮಗೆ ಸಮಾಧಾನವಿಲ್ಲ.

1974ರಲ್ಲಿ ತತ್ವಶಾಸ್ತ್ರಜ್ಞ ಥಾಮಸ್ ನೇಗಲ್ ಬಾವಲಿಯನ್ನು ಮುಂದಿಟ್ಟು ಕೇಳಿದ್ದು ಬೇರೆಯೇ ಪ್ರಶ್ನೆ: ಬಾವಲಿಯ ಮಿದುಳಿನ ಬಗ್ಗೆ ಎಲ್ಲ ತಿಳಿದರೂ ಬಾವಲಿಯಾಗಿರುವುದು ಒಳಗಿನಿಂದ ಹೇಗನ್ನಿಸುತ್ತದೆ ಎಂಬುದು ತಿಳಿದೀತೇ? ನನಗೆ ಇಲ್ಲಿ ನೆನಪಾಗುವುದು ಸಾಂಖ್ಯರು. ಅವರ ಲೆಕ್ಕದಲ್ಲಿ ಮನಸ್ಸು, ಬುದ್ಧಿ, ಅಹಂಕಾರ ಮೂರೂ ಪ್ರಕೃತಿಯ ಪಾಲು, ಅಂದರೆ ಜಡ. ಚೈತನ್ಯ ಪುರುಷನದು, ಅಂದರೆ ಆತ್ಮನದು, ಮಾತ್ರ. ಬುದ್ಧಿಯಿದ್ದೂ ಅರಿವಿಲ್ಲದ ಯಂತ್ರ ಅವರಿಗೆ ಒಗಟೇ ಆಗುತ್ತಿರಲಿಲ್ಲ. 'ನಾನು' ಎಂದು ಹೇಳಿಕೊಳ್ಳುವುದೂ ಜಡದ ಕೆಲಸವೇ ಎಂದ ಮೇಲೆ ಲ್ಯಾಮ್ಡಾ ಎಷ್ಟು ಸಲ 'ನಾನು' ಎಂದರೆ ಏನಾಯಿತು!

ಹಾಗಾಗಿ ಲೆಮೊಯ್ನ್ ತಪ್ಪಿದನೆಂದೇ ನನ್ನ ನಂಬಿಕೆ. ಆದರೆ ತೀರ್ಪು ಕೊಟ್ಟವರು ಯಾರು? ಆತನ ವಾದವನ್ನು ಪರಿಶೀಲಿಸಿ ತಳ್ಳಿಹಾಕಿದವರು ಕಂಪನಿಯ ಹಿರಿಯರೇ. ಅವರಲ್ಲೊಬ್ಬರಾದ ಉಪಾಧ್ಯಕ್ಷ ಬ್ಲೇಸ್ ಅಗುವೆರಾ ಇ ಆರ್ಕಾಸ್ ಅದೇ ಜೂನ್‌ನಲ್ಲಿ ಎಕನಾಮಿಸ್ಟ್ ಪತ್ರಿಕೆಗೆ ಬರೆಯುತ್ತಾ, ಲ್ಯಾಮ್ಡಾ ಜೊತೆ ಮಾತಾಡುವಾಗ ಕಾಲ ಕೆಳಗಿನ ನೆಲ ಸರಿದಂತಾಯಿತು ಎಂದಿದ್ದರು. ಉಪಾಧ್ಯಕ್ಷರಿಗೆ ನೆಲ ಸರಿದರೆ ಅದು ಚಿಂತನೆ, ಎಂಜಿನಿಯರ್‌ಗೆ ಸರಿದರೆ ನಿಯಮಭಂಗ. ಜುಲೈ 22ರಂದು ಲೆಮೊಯ್ನ್‌ನ ಕೆಲಸ ಹೋಯಿತು. ಆತನ ಮಾತು ಪೂರ್ತಿ ಆಧಾರರಹಿತ, ಲ್ಯಾಮ್ಡಾ 11 ಪರಿಶೀಲನೆಗಳನ್ನು ಕಂಡಿದೆ ಎಂದಿತು ಕಂಪನಿ. ವಜಾಕ್ಕೆ ಕೊಟ್ಟ ಕಾರಣ ಮಾತ್ರ ಉದ್ಯೋಗ ಮತ್ತು ದತ್ತಾಂಶ ಸುರಕ್ಷತೆಯ ನಿಯಮ ಮುರಿದದ್ದು. ಹಾಗೆ ನೋಡಿದರೆ ಆತ ಮುರಿದದ್ದೂ ಹೌದು, ಒಳಗಿನ ಸಂಭಾಷಣೆಯನ್ನು ಲೋಕಕ್ಕೆ ಹಂಚಿದ್ದ.

ಬೆಂಗಳೂರಿನ ಐಟಿ ಮಂದಿಗೆ ಪ್ರಶ್ನೆಯನ್ನು ಬದಿಗಿಡುವ ಈ ಕ್ರಮ ಅಪರಿಚಿತವಲ್ಲ. ಮೀಟಿಂಗಿನಲ್ಲಿ ಯಾರಾದರೂ ಬುಡದ ಪ್ರಶ್ನೆ ಎತ್ತಿದರೆ 'ಇದನ್ನ ಆಫ್‌ಲೈನ್ ಮಾತಾಡೋಣ' ಎನ್ನುತ್ತಾರೆ, ಆ ಆಫ್‌ಲೈನ್ ಎಂದೂ ಬರುವುದಿಲ್ಲ. ಗೂಗಲ್‌ನಲ್ಲೂ ಇದು ಮೊದಲ ಸಲವಲ್ಲ. ಲೆಮೊಯ್ನ್‌ಗಿಂತ ಮೊದಲೇ, ಗಿಳಿಯಂತೆ ನಿರರ್ಗಳವಾಗಿ ಒಪ್ಪಿಸುವ ಇಂಥ ಯಂತ್ರದ ಮಾತಿಗೆ ಜನ ಅರ್ಥ ತುಂಬಿಕೊಳ್ಳುತ್ತಾರೆ ಎಂದು ಎಚ್ಚರಿಸುವ ಪ್ರಬಂಧ ಬರೆದವರಲ್ಲಿ ಅದೇ ಕಂಪನಿಯ ಟಿಮ್ನಿಟ್ ಗೆಬ್ರು, ಮಾರ್ಗರೆಟ್ ಮಿಚೆಲ್ ಇದ್ದರು. ಗೆಬ್ರು 2020ರ ಡಿಸೆಂಬರ್‌ನಲ್ಲಿ ಹೊರಬಿದ್ದರು. ವಜಾ ಎಂದರು ಅವರು, ರಾಜೀನಾಮೆ ಎಂದಿತು ಕಂಪನಿ. 2021ರ ಫೆಬ್ರವರಿಯಲ್ಲಿ ಮಿಚೆಲ್‌ರನ್ನು ತೆಗೆದರು. ಯಂತ್ರಕ್ಕೆ ಮನಸ್ಸಿಲ್ಲ, ಮೋಸ ಹೋಗಬೇಡಿ ಎಂದವರೂ ಹೊರಗೆ, ಮನಸ್ಸಿದೆ ಎಂದವನೂ ಹೊರಗೆ.

ಪ್ರಶ್ನೆ ಮಾತ್ರ ಉಳಿಯಿತು. 2023ರ ಆಗಸ್ಟ್‌ನಲ್ಲಿ 19 ಸಂಶೋಧಕರು ಪ್ರಜ್ಞೆಯ ಸಿದ್ಧಾಂತಗಳಿಂದ 14 ಲಕ್ಷಣಗಳನ್ನು ಆಯ್ದು ಆಗಿನ ಯಂತ್ರಗಳನ್ನು ಒರೆಗೆ ಹಚ್ಚಿದರು. ಯಾವುದಕ್ಕೂ ಪ್ರಜ್ಞೆಯಿದೆ ಎನ್ನಲು ಬಲವಾದ ಆಧಾರವಿಲ್ಲ, ಆ ಲಕ್ಷಣಗಳಿರುವ ಯಂತ್ರವನ್ನು ಮುಂದೆ ಕಟ್ಟಲು ಎದ್ದುಕಾಣುವ ತಾಂತ್ರಿಕ ಅಡ್ಡಿಯೂ ಇಲ್ಲ ಎಂದರು.

ಅಷ್ಟರಲ್ಲಿ ಲ್ಯಾಮ್ಡಾದ ಕತೆ ಮುಗಿದಿತ್ತು. 2023ರ ಫೆಬ್ರವರಿಯಲ್ಲಿ ಗೂಗಲ್ ಅದನ್ನೇ ಒಳಗಿಟ್ಟು ಬಾರ್ಡ್ ಎಂಬ ಚಾಟ್‌ಬಾಟ್ ಘೋಷಿಸಿತು. ಮೇ ಬರುವ ಹೊತ್ತಿಗೆ ಅದು ಹಳತಾಯಿತು. ಬಾರ್ಡ್‌ನೊಳಗೆ ಅದರ ಜಾಗಕ್ಕೆ ಪಾಮ್-2 ಬಂತು.