ಮುಸುರೆ ಪಾತ್ರೆಗೆ ಜೋಗದ ಲೆಕ್ಕ

ಮಳೆಗಾಲದ ಜೋಗವನ್ನು ನೆನಪಿಸಿಕೊಳ್ಳಿ. 253 ಮೀಟರ್ ಎತ್ತರದಿಂದ ಶರಾವತಿ ಧುಮುಕುವ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಆ ಶಕ್ತಿಯೆಲ್ಲ ಒಂದಿಷ್ಟೂ ಪೋಲಾಗದೆ ಅದೇ ನೀರನ್ನು ಕಾಯಿಸುವುದಕ್ಕೆ ಹೋದರೆ ನೀರು ಎಷ್ಟು ಬಿಸಿಯಾದೀತು? ಸುಮಾರು 0.6 ಡಿಗ್ರಿ ಸೆಲ್ಸಿಯಸ್. ಕೈ ಅದ್ದಿದರೆ ಗೊತ್ತೂ ಆಗದು!

1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್, ಇಳಿಯುವ ತೂಕದ ಗುಂಡುಗಳಿಂದ ರೆಕ್ಕೆ ತಿರುಗಿಸಿ, ನೀರು ಕಲಕಿ, ಅದು ಎಷ್ಟು ಬೆಚ್ಚಗಾಯಿತೆಂದು ಅಳೆದ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡುವ ಶಕ್ತಿಯಿಂದ ಅದೇ ನೀರನ್ನು 427 ಮೀಟರ್ ಮೇಲಕ್ಕೆ ಎತ್ತಬಹುದು. ಜಗತ್ತಿನಲ್ಲಿ ನೀರು ಕಾಯಿಸುವಷ್ಟು ದುಬಾರಿ ಮನೆಗೆಲಸ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿದ್ದು ಈ ಅಂಕಿ ಕಂಡ ಮೇಲೆ.

ಈಗ ಅಡುಗೆಮನೆಯ ಡಿಶ್‌ವಾಷರ್‌ಗೆ ಬರೋಣ. ಅದರ ಹೀಟರ್ ಸಾಮಾನ್ಯವಾಗಿ 1,800ರಿಂದ 2,000 ವಾಟ್. ನೀರು ಚಿಮ್ಮಿಸುವ ಮೋಟರ್ ಅದರ ಹತ್ತರಲ್ಲೊಂದು ಪಾಲನ್ನೂ ಕೇಳುವುದಿಲ್ಲ. ತಣ್ಣೀರಿನಲ್ಲಿ ಕೈಯಿಂದ ಬೆಳಗುವ ಮನೆಗೆ ಈ ಕರೆಂಟಿನ ಖರ್ಚೇ ಇಲ್ಲ, ಅದನ್ನು ಒಪ್ಪಲೇಬೇಕು. ಯಂತ್ರ ತಂದವರು ನೋಡಬೇಕಾದದ್ದು ಬಿಸಿಯನ್ನು.

ಒಂದು ಸರದಿಯಲ್ಲಿ ಒಟ್ಟು 8 ಲೀಟರ್ ನೀರು ಬಿಸಿಯಾಗುತ್ತದೆ ಎಂದಿಟ್ಟುಕೊಳ್ಳಿ. 70 ಡಿಗ್ರಿಯ ಬದಲು 50 ಡಿಗ್ರಿಗೆ ನಿಲ್ಲಿಸಿದರೆ ಉಳಿಯುವ ಶಕ್ತಿ, ಜೋಗದ ನೆತ್ತಿಯಿಂದ 270 ಲೀಟರ್ ನೀರು ಬಿದ್ದಾಗ ಸಿಗುವಷ್ಟು. ದಿನಕ್ಕೊಂದು ಸಲದಂತೆ ವರ್ಷಕ್ಕೆ ಹತ್ತಿರಹತ್ತಿರ 1 ಲಕ್ಷ ಲೀಟರ್! ಒಂದೇ ಮನೆಯಿಂದ! ಪಾತ್ರೆಗಳೂ ಯಂತ್ರದ ಒಳಮೈಯೂ ಕಾಯುವ ಲೆಕ್ಕ ಇದರಲ್ಲಿ ಸೇರಿಲ್ಲ.

‘ಇಕೋ’ ಗುಂಡಿ ಒತ್ತಿದರೆ ಮೂರು ಗಂಟೆ ಹಿಡಿಯುತ್ತದೆ, ಕರೆಂಟು ಜಾಸ್ತಿ ಸುಡುತ್ತದೆ ಎಂದು ಅನೇಕರು ಅದನ್ನು ಮುಟ್ಟುವುದೇ ಇಲ್ಲ. ನಿಜ ತಿರುಗುಮುರುಗು. ಅಷ್ಟು ಹೊತ್ತಿನಲ್ಲಿ ಹೀಟರ್ ಉರಿಯುವುದು ಸ್ವಲ್ಪವೇ ಸಮಯ. ಉಳಿದಂತೆ ಮಾರ್ಜಕದ ಕಿಣ್ವಗಳು ನಿಧಾನವಾಗಿ ಕೆಲಸ ಮಾಡುತ್ತವೆ. ತಳಕ್ಕೆ ಒಣಗಿ ಹಿಡಿದ ಅನ್ನದ ಗಂಜಿಯನ್ನು ಅಮೈಲೇಸ್ ಬಿಡಿಸುತ್ತದೆ. ನಮ್ಮ ಜೊಲ್ಲಿನಲ್ಲೂ ಅದೇ ಬಗೆಯ ಕಿಣ್ವವಿದೆ. ಬಿಸಿ ಮಾಡಬೇಕಾದ ಕೆಲಸವನ್ನು ಇಲ್ಲಿ ಹೊತ್ತು ಮಾಡುತ್ತದೆ, ಹೊತ್ತಿಗೆ ಬಿಲ್ ಬರುವುದಿಲ್ಲ.

ಯಂತ್ರಕ್ಕೆ ಹಾಕುವ ಮುಂಚೆ ನಲ್ಲಿಯಡಿ ಪಾತ್ರೆ ತೊಳೆಯುವ ರೂಢಿಯೂ ಬೇಡ. ಧಾರಾಳವಾಗಿ ಬಿಟ್ಟ ನಲ್ಲಿ ಎರಡೇ ನಿಮಿಷದಲ್ಲಿ, ಯಂತ್ರ ಇಡೀ ಸರದಿಗೆ ಬಳಸುವ ಹತ್ತು-ಹನ್ನೆರಡು ಲೀಟರನ್ನು ಸುರಿದುಬಿಡುತ್ತದೆ. ಎಂಜಲು, ಕರಿಬೇವು, ಒಗ್ಗರಣೆ ಸಾಸಿವೆ ಕೆರೆದು ತೆಗೆದರೆ ಸಾಕು. ಅರ್ಧ ತುಂಬಿಸಿ ಎರಡು ಸಲ ಓಡಿಸಿದರೆ ಬಿಸಿಯ ಖರ್ಚು ಹೆಚ್ಚುಕಡಿಮೆ ಇಮ್ಮಡಿ, ರಾತ್ರಿ ಊಟದವರೆಗೆ ಕಾಯಿರಿ. ಚಾವಣಿಯಲ್ಲಿ ಸೋಲಾರ್ ಹೀಟರ್ ಇರುವವರು ಯಂತ್ರದ ಕೈಪಿಡಿ ನೋಡಿ. ಬಿಸಿನೀರಿನ ಸಂಪರ್ಕಕ್ಕೆ ಒಪ್ಪುವ ಯಂತ್ರಗಳಿವೆ.

ಕೊನೆಯದು ಒಣಗಿಸುವುದು. ಪಾತ್ರೆಗಳಿಗೆ ಅಂಟಿದ ಬರೀ ಅರ್ಧ ಲೋಟ, 100 ಮಿಲಿಲೀಟರ್ ನೀರನ್ನು ಆವಿಯಾಗಿಸಲು ಜೋಗದಿಂದ 90 ಲೀಟರ್ ಬೀಳಬೇಕು. ಬಿಸಿಗಾಳಿ ಒಣಗಿಸುವಿಕೆ ಇದ್ದರೆ ಅದನ್ನು ಬಂದ್ ಮಾಡಿ, ತೊಳೆದು ಮುಗಿದ ಕೂಡಲೇ ಬಾಗಿಲು ತೆರೆದಿಡಿ. ಪಾತ್ರೆಯಲ್ಲಿ ಉಳಿದ ಬಿಸಿಗೇ ಆ ನೀರು ಆರುತ್ತದೆ.