ಅನ್ಯರ ಅಂಗಳದಲ್ಲಿ ಮೋಟಾರಿನ ತಿರುವು

ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ನಗರಗಳ ಹೊರವಲಯದಲ್ಲಿ ಬಿಡಿಬಿಡಿಯಾದ ಮನೆಗಳ ಬಡಾವಣೆಗಳುಂಟು. ಅಲ್ಲಿ ರಸ್ತೆಯಿಂದ ಮನೆಯ ಮೋಟಾರು ಷೆಡ್ಡಿನವರೆಗೆ ಗಟ್ಟಿಮಾಡಿದ ಸಣ್ಣದೊಂದು ಹಾದಿ ಇರುತ್ತದೆ. ಇಂಗ್ಲಿಷರು ಇದನ್ನು ‘ಡ್ರೈವ್‌ವೇ’ ಎನ್ನುವರು. ನಾವು ಗಾಡಿಹಾದಿ ಎಂದು ಕರೆಯೋಣ. ಈ ಹಾದಿ ಮನೆಯೊಡೆಯನ ಸ್ವತ್ತು. ಆದರೂ ದಾರಿ ತಪ್ಪಿ ಬಂದ ಅಪರಿಚಿತರು ತಮ್ಮ ಕಾರನ್ನು ಇದರೊಳಕ್ಕೆ ಹೊಗಿಸಿ, ತಿರುಗಿಸಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುವುದು ದಿನನಿತ್ಯದ ಸಂಗತಿ. ಚಾಲಕನಿಗೆ ಇದು ಅರ್ಧ ನಿಮಿಷದ ಕೆಲಸ. ಯಾರಿಗೂ ನಷ್ಟವಿಲ್ಲವೆಂದು ಅವನ ಎಣಿಕೆ. ಮನೆಯೊಡೆಯನಿಗಾದರೋ ಹುಲ್ಲುಹಾಸು ಕೆಟ್ಟಿತೆಂಬ ಕೋಪ. ಅಂಗಳದಲ್ಲಿ ಆಡುವ ಮಕ್ಕಳಿಗೆ ಅಪಾಯವೆಂಬ ಭೀತಿ.

ಈ ಜಗಳದಲ್ಲಿ ವಿಜ್ಞಾನಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಅದರ ಬೇರು ಇರುವುದು ರೇಖಾಗಣಿತದಲ್ಲಿ. ಕಾರು ತನ್ನ ರಸ್ತೆಯಲ್ಲೇ ಸುಲಭವಾಗಿ ತಿರುಗುವಂತಿದ್ದರೆ ಯಾರೂ ಅನ್ಯರ ಅಂಗಳವನ್ನು ಹೊಗುತ್ತಿರಲಿಲ್ಲ. ಅದು ಏಕೆ ತಿರುಗಲಾರದು? ಇದನ್ನು ಮೊದಲು ವಿಚಾರಮಾಡೋಣ.

ಗಾಡಿ ತಿರುಗುವ ಬಗೆ

ನಮ್ಮ ಎತ್ತಿನ ಗಾಡಿಗೆ ಒಂದೇ ಅಚ್ಚು, ಎರಡೇ ಗಾಲಿ. ಎತ್ತುಗಳು ಪಕ್ಕಕ್ಕೆ ನಡೆಯಲು ಎಡೆಯಿದ್ದರೆ ಸಾಕು, ಒಂದು ಗಾಲಿ ನಿಂತಲ್ಲೇ ನಿಂತು ಇನ್ನೊಂದು ಅದನ್ನು ಸುತ್ತಿ ಬರುತ್ತದೆ. ಇದಕ್ಕೆ ಪ್ರತಿಯಾಗಿ ನಮ್ಮ ದೇವಾಲಯಗಳ ದೊಡ್ಡ ತೇರನ್ನು ನೋಡಿರಿ. ಅದಕ್ಕೆ ಎರಡು ಅಚ್ಚುಗಳು. ಎರಡೂ ಒಂದಕ್ಕೊಂದು ಸಮಾಂತರವಾಗಿ ಬಿಗಿದಿರುತ್ತವೆ. ತೇರು ನೇರವಾಗಿ ಉರುಳಬಲ್ಲದು. ಬೀದಿಯ ಮೂಲೆಯಲ್ಲಿ ತಾನಾಗಿ ತಿರುಗಲಾರದು. ಗಾಲಿಗಳಿಗೆ ಮರದ ತುಂಡುಗಳನ್ನು ಒಡ್ಡಿ, ನೆಲದ ಮೇಲೆ ಜಾರಿಸಿ ಜಾರಿಸಿಯೇ ಅದನ್ನು ತಿರುಗಿಸಬೇಕು.

ಇದರ ಕಾರಣ ಸರಳವಾಗಿದೆ. ಜಾರದೆ ಉರುಳುವ ಗಾಲಿ ತನ್ನ ಅಚ್ಚಿಗೆ ಲಂಬವಾದ ದಿಕ್ಕಿನಲ್ಲಿ ಮಾತ್ರ ಚಲಿಸಬಲ್ಲದು. ಗಾಡಿಯೊಂದು ವೃತ್ತಾಕಾರವಾಗಿ ತಿರುಗಬೇಕಾದರೆ ಅದರ ಎಲ್ಲ ಗಾಲಿಗಳ ಅಚ್ಚುರೇಖೆಗಳೂ ಆ ವೃತ್ತದ ಕೇಂದ್ರದಲ್ಲಿ ಕೂಡಬೇಕು. ತೇರಿನ ಎರಡು ಅಚ್ಚುರೇಖೆಗಳು ಸಮಾಂತರ. ಅವು ಎಲ್ಲಿಯೂ ಕೂಡುವುದಿಲ್ಲ. ಹೀಗಾಗಿ ಜಾರಿಕೆಯಿಲ್ಲದೆ ಅದಕ್ಕೆ ತಿರುವಿಲ್ಲ.

ಕಾರಿನಲ್ಲಿ ಹಿಂದಿನ ಅಚ್ಚು ಸ್ಥಿರ. ಮುಂದಿನ ಎರಡು ಗಾಲಿಗಳು ಮಾತ್ರ ತಿರುಗುತ್ತವೆ. ಕೇಂದ್ರವು ಹಿಂದಿನ ಅಚ್ಚುರೇಖೆಯ ಮೇಲೆಯೇ ಇರಬೇಕಾದುದರಿಂದ, ಮುಂದಿನ ಗಾಲಿಗಳು ಒಂದೇ ಕೋನದಷ್ಟು ತಿರುಗಿದರೆ ಸಾಲದು. ಕೇಂದ್ರಕ್ಕೆ ಸಮೀಪವಾದ ಒಳಗಾಲಿ ಹೆಚ್ಚಾಗಿಯೂ ಹೊರಗಾಲಿ ಕಡಮೆಯಾಗಿಯೂ ತಿರುಗಬೇಕು. ಈ ಏರ್ಪಾಡನ್ನು ಕುದುರೆಗಾಡಿಗಳಿಗಾಗಿ ಯೋಜಿಸಿದವನು ಮ್ಯೂನಿಕ್ ನಗರದ ಗಾಡಿಗಳ ತಯಾರಕ ಜಾರ್ಜ್ ಲಾಂಕೆನ್‌ಸ್ಪೆರ್ಗರ್. ಲಂಡನ್ನಿನಲ್ಲಿ ಅವನ ಪರವಾಗಿ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಯೋಜನೆ ಒಬ್ಬನದು, ಹೆಸರು ಇನ್ನೊಬ್ಬನದು; ಇಂದಿಗೂ ಇದು ಆಕರ್‌ಮನ್ ಏರ್ಪಾಡೆಂದೇ ಪ್ರಸಿದ್ಧವಾಗಿದೆ.

ಒಂದು ಲೆಕ್ಕ

ಸಾಧಾರಣವಾದ ಒಂದು ಸಣ್ಣ ಕಾರನ್ನು ಕಲ್ಪಿಸಿಕೊಳ್ಳೋಣ. ಉದ್ದ 4 ಮೀಟರು, ಅಗಲ 1.7 ಮೀಟರು, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.5 ಮೀಟರು, ಎಡಬಲ ಗಾಲಿಗಳ ನಡುವೆ 1.4 ಮೀಟರು. ಸ್ಟಿಯರಿಂಗ್ ಚಕ್ರವನ್ನು ಕೊನೆಯವರೆಗೆ ತಿರುಗಿಸಿದಾಗ ಮುಂದಿನ ಹೊರಗಾಲಿ 30 ಡಿಗ್ರಿ ತಿರುಗುವುದೆಂದು ಭಾವಿಸಿದರೆ, ಒಳಗಾಲಿ ಸುಮಾರು 40½ ಡಿಗ್ರಿ ತಿರುಗಬೇಕು. ಆಗ ಮುಂದಿನ ಹೊರಗಾಲಿ ಬರೆಯುವ ವೃತ್ತದ ತ್ರಿಜ್ಯ, 2.5ನ್ನು 30 ಡಿಗ್ರಿಯ ಸೈನ್ ಆದ ½ರಿಂದ ಭಾಗಿಸಿದಷ್ಟು, ಎಂದರೆ 5 ಮೀಟರು. ವ್ಯಾಸ 10 ಮೀಟರು.

ಬ್ರಿಟನ್ನಿನಲ್ಲಿ 2007ರಲ್ಲಿ ಹೊರಬಂದ ಬೀದಿಗಳ ರಚನಾ ಕೈಪಿಡಿಯ ಪ್ರಕಾರ, ಎರಡು ಕಾರುಗಳು ಎದುರುಬದುರಾಗಿ ಹಾಯ್ದು ಹೋಗಲು 4.1 ಮೀಟರು, ಎರಡು ಲಾರಿಗಳಿಗೆ 5.5 ಮೀಟರು ಅಗಲ ಸಾಕು. ವಸತಿಬೀದಿಗೆ ಇದು ಧಾರಾಳವಾದ ಅಗಲವೇ ಸರಿ. ಆದರೆ 10 ಮೀಟರ್ ವ್ಯಾಸದ ವೃತ್ತ 5.5 ಮೀಟರಿನೊಳಗೆ ಹಿಡಿಸುವುದೆಂತು?

ಹಿಂದೆ ಮುಂದೆ ಓಡಿಸಿ ತಿರುಗಿಸಬಹುದಲ್ಲವೇ ಎಂದರೆ, ಅದಕ್ಕೂ ಒಂದು ಮಿತಿಯುಂಟು. ತಿರುಗುವಾಗ ಕಾರು ಯಾವುದಾದರೊಂದು ಕ್ಷಣದಲ್ಲಿ ರಸ್ತೆಗೆ ಓರೆಯಾಗಿ ನಿಲ್ಲಲೇಬೇಕು. ಆಗ ಅದು ಆಕ್ರಮಿಸುವ ಅಗಲ ಅದರ ಉದ್ದದಷ್ಟಲ್ಲ, ಆಯತದ ಕರ್ಣದಷ್ಟು. ಪೈಥಾಗೊರಸನ ಪ್ರಮೇಯದಂತೆ ನಮ್ಮ ಕಾರಿಗೆ ಇದು ಸುಮಾರು 4.35 ಮೀಟರು. ಹೀಗಿರುವುದರಿಂದ ಎರಡು ಕಾರುಗಳು ಹಾಯ್ದುಹೋಗುವ 4.1 ಮೀಟರಿನ ರಸ್ತೆಯಲ್ಲಿ, ಎರಡು ಪಕ್ಕಗಳಲ್ಲೂ ಗೋಡೆಯಿದ್ದರೆ, ಒಂದೇ ಒಂದು ಕಾರು ಎಷ್ಟು ಬಾರಿ ಹಿಂದೆ ಮುಂದೆ ಹೋದರೂ ತಿರುಗಲಾರದು.

ಮೂರು ನಾಣ್ಯಗಳ ಚಮತ್ಕಾರ

ವಿಶಾಲವಾದ ಬಯಲಿನಲ್ಲಿ ಕಾರನ್ನು ನಿಂತ ಎಡೆಯಲ್ಲೇ ಹಿಮ್ಮುಖವಾಗಿಸಲು ಅತ್ಯಲ್ಪ ದೂರದ ಹಾದಿ ಯಾವುದು? 1957ರಲ್ಲಿ ಡ್ಯೂಬಿನ್ಸ್ ಎಂಬ ಗಣಿತಜ್ಞನು ಮುಂದಕ್ಕೆ ಮಾತ್ರ ಚಲಿಸುವ ಗಾಡಿಯ ಅತ್ಯಲ್ಪ ಹಾದಿಗಳನ್ನು ನಿರ್ಣಯಿಸಿದನು. 1990ರಲ್ಲಿ ರೀಡ್ಸ್ ಮತ್ತು ಷೆಪ್ ಎಂಬಿಬ್ಬರು ಹಿಂದಕ್ಕೂ ಮುಂದಕ್ಕೂ ಚಲಿಸುವ ಗಾಡಿಯ ಪ್ರಶ್ನೆಯನ್ನು ಬಿಡಿಸಿದರು.

ಇದರ ಉತ್ತರವನ್ನು ವಾಚಕರು ಮೇಜಿನ ಮೇಲೆಯೇ ಕಾಣಬಹುದು. ಒಂದೇ ಅಳತೆಯ ಮೂರು ನಾಣ್ಯಗಳನ್ನು ಒಂದಕ್ಕೊಂದು ತಾಕುವಂತೆ ಇಡಿರಿ. ನಡುವೆ ಬಾಗಿದ ಬದಿಗಳುಳ್ಳ ಸಣ್ಣ ತ್ರಿಕೋನವೊಂದು ಉಳಿಯುತ್ತದೆ. ಅದರ ಒಂದು ಮೊನೆಯಿಂದ ಹೊರಟು ಮೊದಲ ನಾಣ್ಯದ ಅಂಚನ್ನು ಅನುಸರಿಸಿ ಮುಂದಕ್ಕೆ ಹೋಗಿರಿ. ಎರಡನೆಯ ಮೊನೆಯಲ್ಲಿ ನಿಂತು ಎರಡನೆಯ ನಾಣ್ಯದ ಅಂಚಿನಲ್ಲಿ ಹಿಂದಕ್ಕೆ ಬನ್ನಿರಿ. ಮೂರನೆಯ ಮೊನೆಯಿಂದ ಮತ್ತೆ ಮುಂದಕ್ಕೆ ಸಾಗಿರಿ. ಹೊರಟ ಮೊನೆಗೇ ಬಂದಿರುವಿರಿ. ಮುಖ ಮಾತ್ರ ಹಿಂದುಮುಂದಾಗಿದೆ! ನಾಣ್ಯಗಳ ಕೇಂದ್ರಗಳು ಸಮಬಾಹು ತ್ರಿಭುಜವಾಗುವುದರಿಂದ ಒಂದೊಂದು ಕಂಸವೂ 60 ಡಿಗ್ರಿ; ಮೂರೂ ಸೇರಿ 180 ಡಿಗ್ರಿ. ಚಾಲನೆ ಕಲಿಯುವವರು ಅಭ್ಯಾಸಮಾಡುವ ‘ಮೂರು ಚಲನೆಯ ತಿರುವಿ’ನ ಮೂಲತತ್ತ್ವ ಇದೇ.

ಆದರೆ ನಮ್ಮ ಕಾರಿನ ಮುಂದಿನ ಹಿಂದಿನ ಚಾಚುಗಳನ್ನೂ ಸೇರಿಸಿ ಲೆಕ್ಕಮಾಡಿದರೆ, ಈ ಪರಿಪೂರ್ಣ ತಿರುವಿಗೆ ಸುಮಾರು 8 ಮೀಟರು ಅಗಲದ ರಸ್ತೆ ಬೇಕಾಗುತ್ತದೆ. 5.5 ಮೀಟರಿನ ರಸ್ತೆಯಲ್ಲಿ, ಅಂಚುಕಲ್ಲನ್ನು ಮೀರಿ ಕಾರಿನ ಯಾವ ಭಾಗವೂ ಚಾಚದಂತೆ ಅದನ್ನು ತಿರುಗಿಸಲು ಐದು ಚಲನೆಗಳು ಬೇಕು. ಮೊದಲನೆಯದರಲ್ಲಿ ಸುಮಾರು 55 ಡಿಗ್ರಿ ತಿರುಗುತ್ತೇವೆ. ಅನಂತರ ಕಾರು ರಸ್ತೆಗೆ ಅಡ್ಡವಾಗಿರುವಾಗ ಒಂದೊಂದು ಚಲನೆಗೂ 20–25 ಡಿಗ್ರಿಗಿಂತ ಹೆಚ್ಚು ದಕ್ಕುವುದಿಲ್ಲ. ಇಷ್ಟು ಹೊತ್ತೂ ಎರಡು ಕಡೆಯ ಸಂಚಾರ ನಿಂತಿರಬೇಕು. ಪಕ್ಕದಲ್ಲಿ ಕಾರುಗಳು ನಿಂತಿದ್ದರಂತೂ ಇದು ಆಗದ ಮಾತು.

ಈಗ ಪಕ್ಕದಲ್ಲಿ ಗಾಡಿಹಾದಿಯೊಂದು ತೆರೆದಿದೆಯೆನ್ನಿ. ಅದನ್ನು ದಾಟಿ ನಿಂತು, ಹಿಮ್ಮುಖವಾಗಿ ಒಳಕ್ಕೆ ಸರಿದರೆ 90 ಡಿಗ್ರಿ. ಮುಮ್ಮುಖವಾಗಿ ಹೊರಬಂದರೆ ಉಳಿದ 90 ಡಿಗ್ರಿ. ಐದು ಚಲನೆಗಳ ಕೆಲಸ ಎರಡರಲ್ಲಿ ಮುಗಿಯಿತು. ಗಾಡಿಹಾದಿಯ ಆಕರ್ಷಣೆಯ ಗುಟ್ಟು ಇದು.

ಮನೆಯೊಡೆಯನ ನಷ್ಟ

ಹಾಗಾದರೆ ಮನೆಯೊಡೆಯನ ಕೋಪಕ್ಕೆ ಆಧಾರವಿದೆಯೇ? ಮೊದಲು ಹುಲ್ಲುಹಾಸಿನ ಮಾತು. ನಮ್ಮ ಕಾರು ಪೂರ್ಣವಾಗಿ ತಿರುಗುವಾಗ ಮುಂದಿನ ಒಳಗಾಲಿಯ ತ್ರಿಜ್ಯ ಸುಮಾರು 3.85 ಮೀಟರು, ಹಿಂದಿನ ಒಳಗಾಲಿಯದು 2.93 ಮೀಟರು. ಎಂದರೆ ಹಿಂದಿನ ಗಾಲಿ ಮುಂದಿನದರ ಜಾಡಿನಲ್ಲಿ ಬರದೆ, ಸುಮಾರು 90 ಸೆಂಟಿಮೀಟರಿನಷ್ಟು ಒಳಗೆ ಕತ್ತರಿಸಿಕೊಂಡು ಬರುತ್ತದೆ. ಮುಂದಿನ ಗಾಲಿ ಹಾದಿಯ ಮೇಲೆಯೇ ಹೋಯಿತೆಂದು ಚಾಲಕನು ನಿಶ್ಚಿಂತನಾಗಿರುವಾಗ, ಹಿಂದಿನದು ಮೂಲೆಯ ಹೂವಿನ ಪಾತಿಯನ್ನು ತುಳಿದಿರುತ್ತದೆ. ಪರಸ್ಥಳದವನಿಗೆ ಆ ಮೂಲೆಯ ಪರಿಚಯವೂ ಇರುವುದಿಲ್ಲ.

ಎರಡನೆಯದು ನೆಲಗಟ್ಟು. ಅಮೆರಿಕದ ಇಲಿನಾಯ್ ಸಂಸ್ಥಾನದ ಆಟವಾ ಎಂಬಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆಪರೀಕ್ಷೆಗಳಿಂದ, ರಸ್ತೆಗೆ ತಗಲುವ ಸವೆತ ಸ್ಥೂಲವಾಗಿ ಅಚ್ಚಿನ ಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದೆಂದು ತಿಳಿದುಬಂದಿತು. ಅಚ್ಚಿನ ಭಾರ ಎರಡರಷ್ಟಾದರೆ ಸವೆತ 16ರಷ್ಟು, ಹತ್ತರಷ್ಟಾದರೆ 10,000ದಷ್ಟು. ಆದುದರಿಂದ ಕಾರು ಒಮ್ಮೆ ತಿರುಗಿಹೋದರೆ ಗಾಡಿಹಾದಿಗೆ ಆಗುವ ಹಾನಿ ಲೆಕ್ಕಕ್ಕೆ ಬಾರದು. ಸಾಮಾನು ತುಂಬಿದ ಲಾರಿ ತಿರುಗಿದರೆ ಆ ಮಾತೇ ಬೇರೆ.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಣದ ಪ್ರಶ್ನೆ. ಚಾಲಕನ ಕಣ್ಣು ನೆಲದಿಂದ 1.25 ಮೀಟರು ಎತ್ತರದಲ್ಲಿಯೂ, ಕಣ್ಣಿನಿಂದ 2.5 ಮೀಟರು ಹಿಂದಿರುವ ಕಿಟಕಿಯ ಕೆಳ ಅಂಚು 0.95 ಮೀಟರು ಎತ್ತರದಲ್ಲಿಯೂ ಇವೆಯೆಂದು ಭಾವಿಸೋಣ. ಸಮರೂಪ ತ್ರಿಭುಜಗಳ ನಿಯಮದಿಂದ, ಆ ಅಂಚನ್ನು ಸವರಿಕೊಂಡು ಹೋಗುವ ದೃಷ್ಟಿರೇಖೆ ನೆಲವನ್ನು ಮುಟ್ಟುವುದು ಕಿಟಕಿಯಿಂದ ಸುಮಾರು 8 ಮೀಟರು ಹಿಂದೆ. 50 ಸೆಂಟಿಮೀಟರು ಎತ್ತರಕ್ಕೆ ಕುಳಿತು ಆಡುವ ಮಗು, ಕಿಟಕಿಯಿಂದ ಮೂರೂಮುಕ್ಕಾಲು ಮೀಟರಿನೊಳಗೆ ಎಲ್ಲಿದ್ದರೂ ಚಾಲಕನ ಕಣ್ಣಿಗೆ ಬೀಳದು. ಚಾಲಕನು ಎಷ್ಟೇ ಎಚ್ಚರದಿಂದ ಹಿಂದಿರುಗಿ ನೋಡಿದರೂ ಬೆಳಕಿನ ಕಿರಣ ಬಾಗಿ ಬರುವುದಿಲ್ಲ.

ಇದು ಬರಿಯ ಲೆಕ್ಕವಲ್ಲ. ಹಿಂದಕ್ಕೆ ಸರಿಯುವ ವಾಹನಗಳಿಗೆ ಸಿಕ್ಕಿ ವರ್ಷಕ್ಕೆ ಸರಾಸರಿ 210 ಜನರು ಸಾಯುತ್ತಾರೆಂದೂ, ಅವರಲ್ಲಿ ನೂರಕ್ಕೆ 31 ಮಂದಿ ಐದು ವರ್ಷದೊಳಗಿನ ಮಕ್ಕಳೆಂದೂ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2014ರಲ್ಲಿ ತಿಳಿಸಿತು. ಆ ದೇಶದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆ ಹಿಂಬದಿಯನ್ನು ತೋರಿಸುವ ಕ್ಯಾಮರಾ ಕಡ್ಡಾಯವಾಯಿತು. ಗಾಡಿಹಾದಿಯನ್ನು ಬಳಸುವಾಗ ಸಾಧ್ಯವಾದರೆ ಹಿಮ್ಮುಖವಾಗಿ ಒಳಹೋಗಿ ಮುಮ್ಮುಖವಾಗಿ ಹೊರಬರಬೇಕೆಂಬುದು ಬ್ರಿಟನ್ನಿನ ಹೆದ್ದಾರಿ ಸಂಹಿತೆಯ ಬೋಧನೆ. ಹೊರಬರುವಾಗ ಎರಡು ಕಡೆಯ ಸಂಚಾರವೂ ಕಾಣಿಸುವುದೆಂಬುದು ಇದರ ಪ್ರಯೋಜನ. ಆದರೆ ಈ ಬೋಧನೆ ತನ್ನ ಅಂಗಳವನ್ನು ಬಲ್ಲವನಿಗೆ ಒಪ್ಪುವಷ್ಟು, ಅಲ್ಲಿ ಮಕ್ಕಳಿರುವರೋ ಇಲ್ಲವೋ ಎಂದು ಅರಿಯದ ಅಪರಿಚಿತನಿಗೆ ಒಪ್ಪದು.

ನ್ಯಾಯದ ದೃಷ್ಟಿ

ಇಂಗ್ಲೆಂಡಿನ ಕಾನೂನಿನಲ್ಲಿ ಅನ್ಯರ ನೆಲವನ್ನು ಅನುಮತಿಯಿಲ್ಲದೆ ಹೊಗುವುದು, ನಷ್ಟವಾಗದಿದ್ದರೂ, ಅತಿಕ್ರಮವೆನಿಸುತ್ತದೆ. ಆದರೆ ನ್ಯಾಯವಾದ ಕೆಲಸಕ್ಕಾಗಿ ಬಂದವನು ಗೇಟು ದಾಟಿ ಬಾಗಿಲು ತಟ್ಟಲು ಮನೆಯೊಡೆಯನ ಮೌನಸಮ್ಮತಿ ಉಂಟೆಂದು 1967ರ ರಾಬ್ಸನ್–ಹ್ಯಾಲೆಟ್ ಮೊಕದ್ದಮೆಯಲ್ಲಿ ಹೇಳಲಾಯಿತು. ಟಪಾಲಿನವನಿಗೆ ಇದರ ರಕ್ಷಣೆಯುಂಟು. ಮನೆಯವರೊಡನೆ ಯಾವ ಕೆಲಸವೂ ಇಲ್ಲದೆ ಕಾರನ್ನು ತಿರುಗಿಸಲು ಬಂದವನು ಈ ಆಸರೆಯನ್ನು ಕೇಳುವುದು ಕಷ್ಟ. ಹಾಗೆಂದು ಇಷ್ಟಕ್ಕೇ ನ್ಯಾಯಾಲಯದ ಮೆಟ್ಟಿಲೇರಿದರೆ ವೆಚ್ಚವೇ ಲಾಭವನ್ನು ನುಂಗುವುದು. ಇನ್ನೊಂದು ಅಂಶವುಂಟು. ಅಂಚುಕಲ್ಲನ್ನು ತಗ್ಗಿಸಿ ಕಾಲುದಾರಿಯ ಮೇಲೆ ಮಾಡಿರುವ ಮೊದಲ ತುಂಡು ಸಾಮಾನ್ಯವಾಗಿ ಸಾರ್ವಜನಿಕ ರಸ್ತೆಗೇ ಸೇರಿರುತ್ತದೆ. ಮನೆಯೊಡೆಯನು ತನ್ನದೆಂದು ತಿಳಿದ ನೆಲವೆಲ್ಲ ಅವನದಾಗಿರಬೇಕಾಗಿಲ್ಲ.

ಪರಿಹಾರವೆಲ್ಲಿ?

ಕಾರನ್ನೇ ಬದಲಿಸುವುದು ಒಂದು ದಾರಿ. ಲಂಡನ್ನಿನ ಟ್ಯಾಕ್ಸಿ ಸುಮಾರು ಎಂಟೂವರೆ ಮೀಟರು ಅಂತರದ ಎರಡು ಗೋಡೆಗಳ ನಡುವೆ, ಹಿಂದೆ ಸರಿಯದೆಯೇ ತಿರುಗಬೇಕೆಂಬ ನಿಯಮವಿದೆ. ಹಿಂದಿನ ಗಾಲಿಗಳನ್ನೂ ತಿರುಗಿಸುವ ಕಾರುಗಳಲ್ಲಿ ವೃತ್ತ ಇನ್ನೂ ಕಿರಿದಾಗುತ್ತದೆ.

ರಸ್ತೆಯನ್ನು ಬದಲಿಸುವುದು ಇನ್ನೊಂದು ದಾರಿ. ಒಂದು ತುದಿ ಮುಚ್ಚಿದ ಬೀದಿಗಳು ಬಡಾವಣೆಗಳಲ್ಲಿ ಹರಡಿದುದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ. ಹಾಯ್ದುಹೋಗುವ ಸಂಚಾರವಿಲ್ಲದೆ ಮನೆಗಳು ಶಾಂತವಾಗಿರಲೆಂದು ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ 1929ರಲ್ಲಿ ನ್ಯೂಜೆರ್ಸಿಯ ರಾಡ್‌ಬರ್ನ್ ಊರನ್ನು ಇಂಥ ಬೀದಿಗಳಿಂದಲೇ ರಚಿಸಿದರು. ಆದರೆ ಬಂದವನು ಹಿಂದಿರುಗಲೇಬೇಕಾದ ಬೀದಿಯಲ್ಲಿ ತಿರುಗಲು ಎಡೆಯಿಡದಿದ್ದರೆ, ಅವನನ್ನು ಅನ್ಯರ ಅಂಗಳಕ್ಕೆ ಅಟ್ಟಿದಂತಾಗುವುದು. ಅಗ್ನಿಶಾಮಕ ವಾಹನ ಒಳಸಿಕ್ಕಿಕೊಂಡರೆ ಅಪಾಯ ಇನ್ನೂ ದೊಡ್ಡದು. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಅಗ್ನಿಸಂಹಿತೆಯ ಅನುಬಂಧವು, 150 ಅಡಿಗಿಂತ ಉದ್ದವಾದ ಕುರುಡುಬೀದಿಯ ತುದಿಯಲ್ಲಿ 96 ಅಡಿ ವ್ಯಾಸದ ವೃತ್ತವನ್ನಾಗಲಿ, ಸುತ್ತಿಗೆಯಾಕಾರದ ಅಡ್ಡತುಂಡನ್ನಾಗಲಿ ಇಡಲು ಹೇಳುತ್ತದೆ. ಈ ಸುತ್ತಿಗೆಯಾಕಾರವೆಂದರೆ ಬೇರೇನೂ ಅಲ್ಲ. ಸಾರ್ವಜನಿಕ ಹಣದಲ್ಲಿ ಕಟ್ಟಿದ ಗಾಡಿಹಾದಿಯೇ. ಹಿಂದೆ ಸರಿದು ಮುಂದೆ ಬರುವ ಆ ಎರಡು ಚಲನೆಗಳಿಗೆ ಅದು ಅವಕಾಶ ಕೊಡುತ್ತದೆ.

ಚಾಲಕನು ಮಾಡಬಹುದಾದುದೂ ಇದೆ. ಸ್ವಲ್ಪ ದೂರ ಮುಂದೆ ಸಾಗಿದರೆ ಅಡ್ಡರಸ್ತೆಯೋ ಬಯಲೋ ಸಿಕ್ಕೀತು. ಅಲ್ಲಿ ಅದೇ ಎರಡು ಚಲನೆಗಳಲ್ಲಿ ಕಾರು ತಿರುಗುವುದು. ಮನೆಯಂಗಳವನ್ನು ಹೊಗಲೇಬೇಕಾಗಿ ಬಂದರೆ, ಜೊತೆಗಿರುವ ಒಬ್ಬರು ಕೆಳಗಿಳಿದು ಕಾರಿನ ಹಿಂದೆ ನಿಂತು ನೋಡುವುದು ಒಳ್ಳೆಯದು. ಕಿಟಕಿಯ ಅಂಚಿನ ಕೆಳಗೆ ಅಡಗಿದ ಆ ಕೆಲವು ಮೀಟರುಗಳ ನೆಲದಲ್ಲಿ ಏನಿದೆಯೆಂದು ಅವರಿಗೆ ಕಾಣುವುದು, ಚಾಲಕನಿಗೆ ಕಾಣದು.