ಕಾಲಿನ ಕೆಳಗಿನ ಹಿಮ

ದಕ್ಷಿಣ ಧ್ರುವದಲ್ಲಿ ಹಿಮ ಕರಗುವುದೆಂದೊಡನೆ ಸಮುದ್ರವು ಉಕ್ಕೇರಿ ಕರಾವಳಿಯನ್ನು ನುಂಗುವುದೆಂಬ ಭೀತಿಯೊಂದೇ ನಮ್ಮ ಜನರ ಮನಸ್ಸಿಗೆ ಬರುವುದು. ಆ ಭೀತಿ ನಿರಾಧಾರವಾದುದಲ್ಲ. ಆದರೆ ಕಡಲ ಮೇಲೆಯೇ ಹೆಪ್ಪುಗಟ್ಟಿ ತೇಲುವ ಮಂಜುಗಡ್ಡೆಯ ವಿಚಾರ ಬೇರೆ. ಅದು ಕರಗಿದರೆ ನೀರಿನ ಮಟ್ಟ ಏರದು, ಬೇರೊಂದು ಸಂಸಾರ ಮುಳುಗುವುದು. ಅದನ್ನು ವಾಚಕರ ಗಮನಕ್ಕೆ ತರಲಿಚ್ಛಿಸುತ್ತೇವೆ.

ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್ ಹಾರಲಾರದ ಹಕ್ಕಿ. ಅದು ಸಂತಾನಕ್ಕೆ ಆರಿಸಿಕೊಳ್ಳುವ ಕಾಲ ಘೋರ ಚಳಿಗಾಲ. ಸ್ಥಳವಾದರೋ ದಡಕ್ಕಂಟಿದ ಕಡಲ ಮಂಜುಗಡ್ಡೆ. ಮೇ-ಜೂನ್ ತಿಂಗಳಲ್ಲಿ ಹೆಣ್ಣು ಒಂದೇ ಮೊಟ್ಟೆಯನ್ನಿಟ್ಟು, ಗಂಡಿಗೆ ಒಪ್ಪಿಸಿ, ಆಹಾರಕ್ಕಾಗಿ ಕಡಲಿಗೆ ತೆರಳುವುದು. ಗಂಡು ಅದನ್ನು ಪಾದಗಳ ಮೇಲಿಟ್ಟು, ಹೊಟ್ಟೆಯ ಮಡಿಕೆಯಿಂದ ಮುಚ್ಚಿ, ಸುಮಾರು 65 ದಿವಸ ನಿರಾಹಾರವಾಗಿ ಕಾಯುವುದು. ಏಕಾದಶಿಯ ಒಂದು ದಿನಕ್ಕೇ ಬಳಲುವ ನಾವು ತಲೆದೂಗಬೇಕಾದ ವ್ರತವಿದು! ಮರಿಯ ಮೈಮೇಲಿನ ನವಿರು ತುಪ್ಪಳು ನೀರನ್ನು ತಡೆಯದು. ಡಿಸೆಂಬರ್-ಜನವರಿಯಲ್ಲಿ ಬಲಿತ ಗರಿ ಬರುವ ತನಕ ಕಾಲ ಕೆಳಗಿನ ಹಿಮ ನಿಲ್ಲಲೇಬೇಕು.

2022ರಲ್ಲಿ ಅದು ನಿಲ್ಲಲಿಲ್ಲ. ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಮಧ್ಯ ಹಾಗೂ ಪೂರ್ವ ಭಾಗದ ಐದು ನೆಲೆಗಳ ಪೈಕಿ ನಾಲ್ಕರಲ್ಲಿ, ಗರಿ ಬರುವ ಮೊದಲೇ ಮಂಜುಗಡ್ಡೆ ಒಡೆದುಹೋಯಿತು. ಉಪಗ್ರಹದ ಚಿತ್ರಗಳಲ್ಲಿ ಹಕ್ಕಿಗಳ ಹಿಕ್ಕೆಯ ಕಂದು ಕಲೆಯನ್ನು ಹಿಂಬಾಲಿಸಿದ ಬ್ರಿಟಿಷ್ ವಿಜ್ಞಾನಿಗಳು, ಆ ನಾಲ್ಕರಲ್ಲಿ ಒಂದು ಮರಿಯೂ ಉಳಿದಿರಲಾರದೆಂದು 2023ರಲ್ಲಿ ಪ್ರಕಟಿಸಿದರು.

ಒಂದು ವರ್ಷದ ದುರ್ಘಟನೆಯೆಂದು ತಳ್ಳಿಹಾಕುವವರೂ ಉಂಟು. ದೀರ್ಘಾಯುವಾದ ಈ ಹಕ್ಕಿ ಒಂದು ವರ್ಷದ ನಷ್ಟವನ್ನು ತಾಳೀತು, ನಿಜ. 2016ರಲ್ಲಿ ಹ್ಯಾಲಿ ಕೊಲ್ಲಿಯ ಮಂಜುಗಡ್ಡೆ ಬಿರುಗಾಳಿಗೆ ಒಡೆದ ಬಳಿಕ ಅನೇಕ ಹಕ್ಕಿಗಳು ನೆರೆಯ ನೆಲೆಯನ್ನು ಸೇರಿದವು. ಆದರೆ ಒಂದು ಪ್ರಾಂತದ ನೆಲೆಗಳೆಲ್ಲ ಒಟ್ಟಿಗೆ ಕುಸಿದರೆ ವಲಸೆ ಹೋಗುವುದೆಲ್ಲಿಗೆ?

ಇದು ನಮಗೆ ಸಂಬಂಧಪಡದ ವಿಷಯವೆನ್ನುವಂತಿಲ್ಲ. ಭಾರತವು 1983ರಿಂದ ಅಂಟಾರ್ಕ್ಟಿಕ್ ಒಪ್ಪಂದದ ಸಭೆಯಲ್ಲಿ ನಿರ್ಣಯಾಧಿಕಾರವುಳ್ಳ ಸದಸ್ಯ. ಒಮ್ಮತವಿಲ್ಲದೆ ಅಲ್ಲಿ ಯಾವ ನಿರ್ಣಯವೂ ಆಗದು. ಈ ಹಕ್ಕಿಗೆ ವಿಶೇಷ ರಕ್ಷಣೆ ನೀಡುವ ಸೂಚನೆಯು 2022ರ ಬರ್ಲಿನ್ ಅಧಿವೇಶನದಲ್ಲಿ ಬಿದ್ದುಹೋದುದು ಹಾಗೆಯೇ. 2024ರಲ್ಲಿ ಅಧಿವೇಶನವು ಕೊಚ್ಚಿಯಲ್ಲಿ, ನಮ್ಮದೇ ಆತಿಥ್ಯದಲ್ಲಿ ನಡೆಯಿತು. ಅಂಥ ರಕ್ಷಣೆಯು ಮನುಷ್ಯರ ಓಡಾಟಕ್ಕೆ ಕಟ್ಟುಪಾಡು ಹಾಕೀತೇ ಹೊರತು ಹಿಮವನ್ನು ಹಿಡಿದು ನಿಲ್ಲಿಸಲಾರದು. ಭೂಮಿಯನ್ನೂ ಕಡಲನ್ನೂ ಕಾಯಿಸುತ್ತಿರುವುದು ಕಲ್ಲಿದ್ದಲು, ಎಣ್ಣೆಗಳ ಹೊಗೆ, ಅದರಲ್ಲಿ ನಮ್ಮ ಪಾಲೂ ಉಂಟು. ಹಾಗಿದ್ದರೂ ಅಷ್ಟನ್ನಾದರೂ ಮಾಡಿಸುವಂತೆ ನಮ್ಮ ಪ್ರತಿನಿಧಿಗಳು ಸಭೆಯಲ್ಲಿ ಧ್ವನಿಯೆತ್ತಬೇಕೆಂದು ಸರಕಾರವನ್ನು ಒತ್ತಾಯಪಡಿಸುತ್ತೇವೆ.